ಲಿನಕ್ಸ್‌ನಲ್ಲಿ ₹, ಉದ್ದಗೆರೆ, ಒತ್ತು ಬಿಡಿಸುವ ಗುರುತು: ಕೀಗಳನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಬಗೆ

ಲಿನಕ್ಸ್‌ಗೆ ಹೊಸದಾಗಿ ಬಂದವರು ನನ್ನನ್ನು ಪದೇಪದೇ ಕೇಳುವುದು ಮೂರೇ ಪ್ರಶ್ನೆ. ರೂಪಾಯಿ ಚಿಹ್ನೆ ಎಲ್ಲಿದೆ? ಎರಡು ವರ್ಷಗಳ ನಡುವೆ ಹಾಕುವ ಉದ್ದಗೆರೆ ಹೇಗೆ ಬರುತ್ತದೆ? ‘ಸಾಫ್ಟ್‌ವೇರ್’ ಅಂತ ಟೈಪ್ ಮಾಡಿದರೆ ‘ಸಾಫ್ಟ್ವೇರ್’ ಅಂತ ಯಾಕೆ ಒತ್ತಿಕೊಂಡು ಬರುತ್ತದೆ? ಮೂರಕ್ಕೂ ಬೇರೆ ಬೇರೆ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಡೀ ಕೀಬೋರ್ಡನ್ನು ಬದಲಾಯಿಸಲು ಹೋಗಬೇಡಿ. ಹತ್ತರಲ್ಲಿ ಒಂಬತ್ತು ಜನರಿಗೆ ಒಂದು ಕೀ ಬದಲಾಯಿಸಿದರೆ ಸಾಕು. ಆದ್ದರಿಂದ ಕೆಳಗಿನ ಹಂತಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿದ್ದೇನೆ. ನಿಮ್ಮ ಕೆಲಸ ಎಲ್ಲಿ ಆಯಿತೋ ಅಲ್ಲೇ ನಿಲ್ಲಿಸಿ.

ಫೈಲ್ ಹೆಸರು, ಫೈಲಿನೊಳಗಿನ ಸಾಲುಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಬಿಡಿಸಿ ಹೇಳಿದ್ದೇನೆ. ನೀವು ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ದೊಡ್ಡಕ್ಷರ ಬೇಕಾದ ಕಡೆ ಅದನ್ನೂ ಹೇಳಿದ್ದೇನೆ.

ಶುರು ಮಾಡುವ ಮುಂಚೆ ನೋಡಿಕೊಳ್ಳಬೇಕಾದ್ದು

ಎರಡು ವಿಷಯ ತಿಳಿದಿರಬೇಕು.

ಒಂದು, ನಿಮ್ಮ ಗಣಕದಲ್ಲಿ ಓಡುತ್ತಿರುವುದು ವೇಲ್ಯಾಂಡೋ ಎಕ್ಸ್11ಓ ಎಂಬುದು. ಪರದೆ, ಮೌಸ್, ಕೀಬೋರ್ಡನ್ನು ಆ್ಯಪ್‌ಗಳಿಗೆ ಹೊಂದಿಸಿಕೊಡುವ ವ್ಯವಸ್ಥೆಗಳಿವು. ಎಕ್ಸ್11 ಹಳೆಯದು, ವೇಲ್ಯಾಂಡ್ ಹೊಸದು. ಗ್ನೋಮ್‌ನಲ್ಲಿ (ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಸಿನಮನ್ ಇವೆಲ್ಲ ಲಿನಕ್ಸ್‌ನ ಬೇರೆ ಬೇರೆ ಡೆಸ್ಕ್‌ಟಾಪ್‌ಗಳು) ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ‘ವಿಂಡೋಯಿಂಗ್ ಸಿಸ್ಟಮ್’ ಎಂಬ ಸಾಲಿನ ಎದುರು ಯಾವುದೆಂದು ಬರೆದಿರುತ್ತದೆ. ಇದು ಯಾಕೆ ಬೇಕೆಂದರೆ, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಹಳೆಯ ಸಲಹೆಗಳಲ್ಲಿ ಅರ್ಧಕ್ಕರ್ಧ ‘ಎಕ್ಸ್‌ಮಾಡ್‌ಮ್ಯಾಪ್’ ಬಳಸಿ ಅನ್ನುತ್ತವೆ. ಅದು ಕೀಗಳನ್ನು ಬದಲಾಯಿಸುವ, ಎಕ್ಸ್11 ಕಾಲದ ಒಂದು ಸಾಧನ. ವೇಲ್ಯಾಂಡ್‌ನಲ್ಲಿ ಅದರ ಆಟ ನಡೆಯುವುದಿಲ್ಲ. ಲಿನಕ್ಸ್ ವಿತರಣೆಗಳ (ಲಿನಕ್ಸ್ ನಮಗೆ ಸಿಗುವ ಬೇರೆ ಬೇರೆ ರೂಪಗಳ) ಪೈಕಿ ಫೆಡೋರಾ 2016ರಲ್ಲೇ ವೇಲ್ಯಾಂಡ್‌ಗೆ ಹೋಯಿತು, ಉಬುಂಟು 2021ರಲ್ಲಿ. ಎಕ್ಸ್‌ಮಾಡ್‌ಮ್ಯಾಪ್ ಅಂತ ಕಂಡರೆ ಆ ಪುಟ ಮುಚ್ಚಿಬಿಡಿ.

ಎರಡು, ನಿಮ್ಮ ಕನ್ನಡ ಯಾವ ದಾರಿಯಲ್ಲಿ ಬರುತ್ತಿದೆ ಎಂಬುದು. ಲಿನಕ್ಸ್‌ನಲ್ಲಿ ಎರಡು ದಾರಿ ಇವೆ. ಕೀಬೋರ್ಡ್ ಲೇಔಟ್ ಒಂದು: ಇದರಲ್ಲಿ ಒಂದು ಕೀ ಒತ್ತಿದರೆ ನೇರವಾಗಿ ಒಂದು ಕನ್ನಡ ಅಕ್ಷರ ಬರುತ್ತದೆ. ಇನ್‌ಸ್ಕ್ರಿಪ್ಟ್ ಮಾದರಿಯ ಕನ್ನಡ ಲೇಔಟ್ ಮತ್ತು ‘ಕನ್ನಡ ಕಗಪ ಫೊನೆಟಿಕ್’ ಎರಡೂ ಹೀಗೆ ಸಿಗುತ್ತವೆ. ಇನ್ನೊಂದು ಇನ್‌ಪುಟ್ ಮೆಥಡ್: ನೀವು ಒತ್ತಿದ್ದನ್ನು ನಡುವೆ ಒಂದು ತಂತ್ರಾಂಶ ಹಿಡಿದು, ಕನ್ನಡಕ್ಕೆ ತಿರುಗಿಸಿ ಕೊಡುತ್ತದೆ. ಐಬಸ್ ಅಂಥದ್ದು. ಕೀಬೋರ್ಡ್ ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಎಂ17ಎನ್’ ಅಂತ ಇದ್ದರೆ ನಿಮ್ಮದು ಎರಡನೆಯ ದಾರಿ. ಮುಂದೆ ಏನಾದರೂ ಕೈಕೊಟ್ಟರೆ ಕಾರಣ ಸಾಮಾನ್ಯವಾಗಿ ಇಲ್ಲೇ ಇರುತ್ತದೆ.

1. ಅಪರೂಪಕ್ಕೊಮ್ಮೆ ಬೇಕಾದರೆ: ಸಂಖ್ಯೆ ಕೊಟ್ಟು ಅಕ್ಷರ ಪಡೆಯುವುದು

ಯುನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಆ ಸಂಖ್ಯೆಯಲ್ಲಿ 0ಯಿಂದ 9ರವರೆಗಿನ ಅಂಕಿಗಳ ಜೊತೆ ಇಂಗ್ಲಿಷಿನ ಎ ಯಿಂದ ಎಫ್‌ವರೆಗಿನ ಅಕ್ಷರಗಳೂ ಬರುತ್ತವೆ. ಕನ್ನಡಕ್ಕೆ ಮೀಸಲಾದ ಜಾಗ 0ಸಿ80ಯಿಂದ 0ಸಿಎಫ್‌ಎಫ್‌ವರೆಗೆ. ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರ ಜುಲೈಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದು ಯುನಿಕೋಡ್‌ಗೆ ಸೇರಿತು. ಅದರ ಸಂಖ್ಯೆ 20ಬಿ9.

ಬೇಕಾದ ಜಾಗದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ ಬಿಡಿ. ಅಡಿಗೆರೆ ಇರುವ ಒಂದು ಯು ಕಾಣುತ್ತದೆ. ಈಗ 2, 0, ಬಿ, 9 ಒತ್ತಿ ಎಂಟರ್ ಹೊಡೆಯಿರಿ. ₹ ಬಂತಲ್ವಾ? ಉದ್ದಗೆರೆಗೆ 2013. ಮೂರು ಚುಕ್ಕೆಗೆ 2026.

ಇದು ಗ್ನೋಮ್ ಮತ್ತು ಐಬಸ್ ಇರುವ ಕಡೆ ನಡೆಯುತ್ತದೆ. ಐಬಸ್ ಇಲ್ಲದ ಕೆಡಿಇಯಲ್ಲಿ ಕೆಡಿಇಯದೇ ಆ್ಯಪ್‌ಗಳು ಇದಕ್ಕೆ ಸೊಪ್ಪು ಹಾಕುವುದಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಬೇರೆ ಉಪಾಯವಿದೆ: ಯು, +, 20ಬಿ9 ಎಂದು ಟೈಪ್ ಮಾಡಿ ಆಲ್ಟ್ ಜೊತೆ ಎಕ್ಸ್ ಒತ್ತಿ. ಸಂಖ್ಯೆ ಅಕ್ಷರವಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಅಕ್ಷರ ಸಂಖ್ಯೆಯಾಗುತ್ತದೆ.

ಎಡವುವ ಜಾಗ: ಕನ್ನಡ ಲೇಔಟ್ ಹಾಕಿಕೊಂಡು ಇದನ್ನು ಮಾಡಲು ಹೋಗಬೇಡಿ. ಆಗ ‘ಬಿ’ ಒತ್ತಿದರೆ ಗಣಕಕ್ಕೆ ತಲುಪುವುದು ಒಂದು ಕನ್ನಡ ಅಕ್ಷರ. ಮೊದಲು ಇಂಗ್ಲಿಷ್‌ಗೆ ಬದಲಾಯಿಸಿ. ಅಕ್ಷರದ ಸಂಖ್ಯೆ ಯಾವುದೆಂದು ಹುಡುಕಲು ಗ್ನೋಮ್‌ನಲ್ಲಿ ‘ಕ್ಯಾರೆಕ್ಟರ್ಸ್’, ಕೆಡಿಇಯಲ್ಲಿ ‘ಕೆಕ್ಯಾರ್‌ಸೆಲೆಕ್ಟ್’ ಇವೆ.

2. ರೂಪಾಯಿ ಮಾತ್ರ ಸಾಕಾದರೆ

ಬಿಲ್ಲು, ಲೆಕ್ಕಪತ್ರ ಬರೆಯುವವರಿಗೆ ದಿನಕ್ಕೆ ನೂರು ಸಲ ₹ ಬೇಕು. ಅವರು ಸಂಖ್ಯೆ ಹೊಡೆಯುತ್ತ ಕೂರಲು ಆಗುತ್ತದೆಯೇ? ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಈಗಿರುವ ಅಮೆರಿಕನ್ ಇಂಗ್ಲಿಷ್ ಲೇಔಟ್ ಬದಲು ‘ಇಂಗ್ಲಿಷ್, ಇಂಡಿಯಾ, ವಿತ್ ರುಪೀ’ ಎಂಬುದನ್ನು ಸೇರಿಸಿ. ಉಳಿದ ಕೀಗಳೆಲ್ಲ ಹಾಗೇ ಇರುತ್ತವೆ. ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ. ಇಷ್ಟೇ.

3. ಕಂಪೋಸ್ ಕೀ

ಜಾಸ್ತಿ ಜನರಿಗೆ ಗೊತ್ತಿಲ್ಲದ, ಆದರೆ ಎಲ್ಲಕ್ಕಿಂತ ಉಪಯೋಗವಾಗುವ ಸೌಲಭ್ಯ ಇದು. ಒಂದು ಕೀಗೆ ‘ಕಂಪೋಸ್’ ಎಂಬ ಕೆಲಸ ಕೊಡುತ್ತೀರಿ. ಅದನ್ನು ಒತ್ತಿ ಬಿಟ್ಟು, ಆಮೇಲೆ ಎರಡು ಮೂರು ಸಾಮಾನ್ಯ ಕೀಗಳನ್ನು ಒಂದಾದ ಮೇಲೊಂದು ಒತ್ತಿದರೆ ಅವೆಲ್ಲ ಸೇರಿ ಒಂದು ಚಿಹ್ನೆಯಾಗುತ್ತದೆ. ಒಟ್ಟಿಗೆ ಹಿಡಿದುಕೊಳ್ಳಬೇಕಾಗಿಲ್ಲ. ಸಂಖ್ಯೆ ನೆನಪಿಡಬೇಕಾಗಿಲ್ಲ. ಚಿಹ್ನೆಯ ಆಕಾರವೇ ನೆನಪು ಮಾಡಿಕೊಡುತ್ತದೆ.

ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಅಲ್ಲಿ ‘ಕಂಪೋಸ್ ಕೀ’. ಎಕ್ಸ್‌ಎಫ್‌ಸಿಇಯಲ್ಲಿ ಕೀಬೋರ್ಡ್‌ನ ಲೇಔಟ್ ಪುಟ. ಮಿಂಟ್‌ನ ಸಿನಮನ್‌ನಲ್ಲಿ ಕೀಬೋರ್ಡ್, ಲೇಔಟ್ಸ್, ಆಪ್ಷನ್ಸ್. ಕೆಡಿಇಯಲ್ಲೂ ಕೀಬೋರ್ಡ್ ವಿಭಾಗದಲ್ಲೇ ‘ಪೊಸಿಷನ್ ಆಫ್ ಕಂಪೋಸ್ ಕೀ’ ಎಂಬ ಗುಂಪು ಸಿಗುತ್ತದೆ.

ಯಾವ ಕೀ ಕೊಡಬೇಕು? ಬಲಗಡೆಯ ಆಲ್ಟ್ ಬೇಡ. ತುಂಬ ಜನ ಅದನ್ನೇ ಆರಿಸಿ, ಆಮೇಲೆ 2ನೇ ಹಂತದ ₹ ಕೆಲಸ ನಿಲ್ಲಿಸಿತು ಅಂತ ಕೇಳುತ್ತಾರೆ. ಬಲ ಆಲ್ಟ್‌ಗೆ ಆಗಲೇ ‘ಮೂರನೇ ಮಟ್ಟ’ದ ಕೆಲಸ ಇದೆ. ಮಟ್ಟ ಎಂದರೆ ಏನು? ಒಂದು ಕೀಯನ್ನು ಸುಮ್ನೆ ಒತ್ತಿದರೆ ಬರುವುದು ಮೊದಲ ಮಟ್ಟ, ಶಿಫ್ಟ್ ಹಿಡಿದರೆ ಎರಡನೆಯದು, ಬಲ ಆಲ್ಟ್ ಹಿಡಿದರೆ ಮೂರನೆಯದು, ಎರಡನ್ನೂ ಹಿಡಿದರೆ ನಾಲ್ಕನೆಯದು. ಒಂದೇ ಕೀಗೆ ಎರಡು ಹುದ್ದೆ ಕೊಟ್ಟರೆ ಒಂದು ಹೋಗುತ್ತದೆ. ನಾನು ಬಲ ಕಂಟ್ರೋಲ್ ಕೊಟ್ಟಿದ್ದೇನೆ. ಕ್ಯಾಪ್ಸ್ ಲಾಕ್ ಯಾವತ್ತೂ ಬಳಸದವರು ಅದನ್ನೇ ಕೊಡಬಹುದು, ಕೈಗೆ ಹತ್ತಿರ.

ಈಗ ಇಂಗ್ಲಿಷ್ ಲೇಔಟ್‌ನಲ್ಲಿ ಪರೀಕ್ಷಿಸಿ. ಪ್ರತಿ ಸಲವೂ ಮೊದಲು ಕಂಪೋಸ್ ಒತ್ತಿ ಬಿಡಬೇಕು:

ದೊಡ್ಡಕ್ಷರದ ಆರ್, ಆಮೇಲೆ = ಒತ್ತಿದರೆ ₹
- - . ಒತ್ತಿದರೆ –
- - - ಒತ್ತಿದರೆ —
. . ಒತ್ತಿದರೆ …
ಚಿಕ್ಕ ಓ ಎರಡು ಸಲ ಒತ್ತಿದರೆ °
ಚಿಕ್ಕ ಎಕ್ಸ್ ಎರಡು ಸಲ ಒತ್ತಿದರೆ ×
1 2 ಒತ್ತಿದರೆ ½
< " ಒತ್ತಿದರೆ “
> " ಒತ್ತಿದರೆ ”

ಅಡುಗೆ ಬರೆಯುವವರಿಗೆ ½, ಹವಾಮಾನ ಬರೆಯುವವರಿಗೆ °. ಎರಡು ದಿನ ಬಳಸಿದರೆ ಬೆರಳಿಗೆ ಕೂತುಬಿಡುತ್ತದೆ.

4. ಒತ್ತು ಬಿಡಿಸುವ ಗುರುತು, ಸ್ಪೇಸ್ ಕೀಯಲ್ಲೇ

ಕನ್ನಡ ಟೈಪ್ ಮಾಡುವವರಿಗೆ ನಿಜವಾಗಿ ಬೇಕಾದ ಹಂತ ಇದು. ‘ಸಾಫ್ಟ್’ ಆದ ಮೇಲೆ ‘ವೇರ್’ ಟೈಪ್ ಮಾಡಿದರೆ, ಅರ್ಧಾಕ್ಷರದ ನಂತರ ವ್ಯಂಜನ ಬಂತು ಎಂದು ಗಣಕ ಅದನ್ನು ಒತ್ತಕ್ಷರ ಮಾಡುತ್ತದೆ. ಅದು ಗಣಕದ ತಪ್ಪಲ್ಲ, ಕನ್ನಡದ ನಿಯಮವೇ ಅದು. ‘ಇಲ್ಲಿ ಕೂಡಿಸಬೇಡ’ ಎಂದು ನಾವೇ ಹೇಳಬೇಕು. ಹಾಗೆ ಹೇಳಲು ಕಣ್ಣಿಗೆ ಕಾಣದ, ಜಾಗವನ್ನೂ ಹಿಡಿಯದ ಒಂದು ಅಕ್ಷರ ಇದೆ. ಅದರ ಸಂಖ್ಯೆ 200ಸಿ, ಹೆಸರು ‘ಝೀರೋ ವಿಡ್ತ್ ನಾನ್ ಜಾಯ್ನರ್’. ನಾನು ಬಿಡಿಸುವ ಗುರುತು ಅನ್ನುತ್ತೇನೆ. ಅದರ ಜೋಡಿ 200ಡಿ, ‘ಝೀರೋ ವಿಡ್ತ್ ಜಾಯ್ನರ್’, ಅಂದರೆ ಕೂಡಿಸುವ ಗುರುತು.

ಸಾಫ್ಟ್ವೇರ್: ಗುರುತು ಇಲ್ಲ.
ಸಾಫ್ಟ್‌ವೇರ್: ‘ಟ್’ ಆದ ಮೇಲೆ ಬಿಡಿಸುವ ಗುರುತು ಇದೆ.

ಕೂಡಿಸುವ ಗುರುತು ಎಲ್ಲಿ ಬೇಕು? ‘ರ’ಕಾರದ ಜೊತೆ. ಸುಮ್ನೆ ಟೈಪ್ ಮಾಡಿದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬರುತ್ತದೆ. ನಮಗೆ ಬೇಕಾದದ್ದು ‘ರ‍್ಯಾಂಕ್’. ಇಲ್ಲಿ ಗುರುತು ಹಾಕುವ ಜಾಗ ಬೇರೆ. ಮೊದಲು ರ, ತಕ್ಷಣ ಕೂಡಿಸುವ ಗುರುತು, ಆಮೇಲೆ ಅರ್ಧಾಕ್ಷರದ ಕೀ, ಆಮೇಲೆ ಯ. ಬಿಡಿಸುವ ಗುರುತು ಅರ್ಧಾಕ್ಷರದ ನಂತರ, ಕೂಡಿಸುವ ಗುರುತು ಅರ್ಧಾಕ್ಷರಕ್ಕಿಂತ ಮೊದಲು. ಇದನ್ನು ಅದಲು ಬದಲು ಮಾಡಿ ‘ಕೆಲಸ ಮಾಡ್ತಿಲ್ಲ’ ಅನ್ನುವವರೇ ಜಾಸ್ತಿ.

ಲಿನಕ್ಸ್‌ನಲ್ಲಿ ಈ ಎರಡನ್ನೂ ಸ್ಪೇಸ್ ಕೀಗೆ ಕೊಡುವ ಸೌಲಭ್ಯ ಮೊದಲಿನಿಂದಲೂ ಇದೆ. ಲೇಔಟ್ ಆಪ್ಷನ್ಸ್ ಪಟ್ಟಿ ತೆರೆದು ‘ನಾನ್-ಬ್ರೇಕಿಂಗ್ ಸ್ಪೇಸ್’ ಕುರಿತ ಗುಂಪನ್ನು ಹುಡುಕಿ. ಅದರಲ್ಲಿ ನಾನ್-ಜಾಯ್ನರ್ ಎರಡನೇ ಮಟ್ಟಕ್ಕೆ, ಜಾಯ್ನರ್ ಮೂರನೇ ಮಟ್ಟಕ್ಕೆ ಎನ್ನುವ ಸಾಲು ಇರುತ್ತದೆ. ಅದೇ ತರಹದ ನಾಲ್ಕೈದು ಸಾಲುಗಳಿರುತ್ತವೆ, ಪೂರ್ತಿ ಓದಿ ಆರಿಸಿ. ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಈ ಪಟ್ಟಿ ಇಲ್ಲ. ‘ಟ್ವೀಕ್ಸ್’ ಎಂಬ ಆ್ಯಪ್ ಹಾಕಿಕೊಂಡರೆ ಅದರ ಕೀಬೋರ್ಡ್ ವಿಭಾಗದಲ್ಲಿ ‘ಅಡಿಷನಲ್ ಲೇಔಟ್ ಆಪ್ಷನ್ಸ್’ ಸಿಗುತ್ತದೆ.

ಆರಿಸಿದ ಮೇಲೆ ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಬಿಡಿಸುವ ಗುರುತು. ಬಲ ಆಲ್ಟ್ ಹಿಡಿದು ಸ್ಪೇಸ್ ಒತ್ತಿದರೆ ಕೂಡಿಸುವ ಗುರುತು. ಎರಡನೆಯದು ಬಾರದಿದ್ದರೆ ಅದೇ ಪಟ್ಟಿಯಲ್ಲಿ ಮೂರನೇ ಮಟ್ಟದ ಕೀ ಆರಿಸುವ ಗುಂಪಿಗೆ ಹೋಗಿ ರೈಟ್ ಆಲ್ಟ್ ಗುರುತು ಮಾಡಿ.

ಎಡವುವ ಜಾಗ: ವೇಗವಾಗಿ ಟೈಪ್ ಮಾಡುವವರ ಬೆರಳು ಶಿಫ್ಟ್ ಮೇಲಿಂದ ಏಳುವ ಮುಂಚೆಯೇ ಸ್ಪೇಸ್ ಬಿದ್ದಿರುತ್ತದೆ. ಆಗ ಸ್ಪೇಸ್ ಬದಲು ಈ ಕಾಣದ ಅಕ್ಷರ ಹೋಗುತ್ತದೆ. ವಾಕ್ಯದಲ್ಲಾದರೆ ಎರಡು ಪದ ಅಂಟಿಕೊಂಡದ್ದು ಕಣ್ಣಿಗೆ ಬೀಳುತ್ತದೆ. ಪದದ ಕೊನೆಯಲ್ಲೋ ಫೈಲ್ ಹೆಸರಲ್ಲೋ ಸೇರಿಕೊಂಡರೆ ದೇವರೇ ಗತಿ. ನಾನೊಮ್ಮೆ ಎದುರಿಗೇ ಕಾಣುತ್ತಿದ್ದ ಫೈಲನ್ನು ಹೆಸರು ಹೊಡೆದು ಹುಡುಕಿ ಹುಡುಕಿ ಅರ್ಧ ಗಂಟೆ ಕಳೆದಿದ್ದೇನೆ. ಹುಡುಕಿದ್ದು ಸಿಗದಿದ್ದರೆ, ಪಾಸ್‌ವರ್ಡ್ ಸರಿಯಿದ್ದೂ ಒಪ್ಪದಿದ್ದರೆ, ಆ ಪದ ಪೂರ್ತಿ ಅಳಿಸಿ ನಿಧಾನವಾಗಿ ಮತ್ತೆ ಟೈಪ್ ಮಾಡಿ.

5. ನಿಮ್ಮದೇ ಕಂಪೋಸ್ ಪಟ್ಟಿ

ಹಳಗನ್ನಡ ಬೆರಳಚ್ಚು ಮಾಡುವವರಿಗೆ ೞ ಮತ್ತು ಱ ಬೇಕು. ಶ್ಲೋಕ ಬರೆಯುವವರಿಗೆ ಽ ಮತ್ತು ॥ ಬೇಕು. ಸ್ಪೇಸ್ ಕೀಯ ಏರ್ಪಾಡು ಹಿಡಿಸದವರಿಗೆ ಬಿಡಿಸುವ ಗುರುತು ಬೇರೆ ಕಡೆ ಬೇಕು. ಇಂಥವರು ಮನೆ (ಹೋಮ್) ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿಕೊಳ್ಳಬೇಕು. ಹೆಸರು: ಒಂದು ಚುಕ್ಕೆ, ಅದಕ್ಕಂಟಿ ‘ಎಕ್ಸ್‌ಕಂಪೋಸ್’. ಅದರಲ್ಲಿ ಎಕ್ಸ್ ಎಂದರೆ ಒಂದೇ ದೊಡ್ಡಕ್ಷರ, ‘ಕಂಪೋಸ್’ನ ಮೊದಲ ಅಕ್ಷರವೂ ದೊಡ್ಡದು. ಚುಕ್ಕೆಯಿಂದ ಶುರುವಾದ ಫೈಲ್‌ಗಳು ಬಚ್ಚಿಟ್ಟುಕೊಳ್ಳುತ್ತವೆ. ಫೈಲ್ಸ್ ಕಿಟಕಿಯಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಕಾಣುತ್ತವೆ.

ಮೊದಲ ಸಾಲು: ‘ಇನ್‌ಕ್ಲೂಡ್’ ಎಂಬ ಪದ, ಒಂದು ಸ್ಪೇಸ್, ಆಮೇಲೆ ಎರಡು ನೆಟ್ಟಗಿನ ಉದ್ಧರಣ ಚಿಹ್ನೆಗಳ ನಡುವೆ % ಮತ್ತು ದೊಡ್ಡಕ್ಷರದ ಎಲ್. ‘ಮೊದಲಿನಿಂದ ಇರುವ ಪಟ್ಟಿಯನ್ನೂ ಇಟ್ಟುಕೋ’ ಎಂದು ಇದರ ಅರ್ಥ. ಈ ಸಾಲು ಮರೆತರೆ 3ನೇ ಹಂತದಲ್ಲಿ ಹೇಳಿದ ಜೋಡಣೆಗಳೆಲ್ಲ ಮಾಯ.

ಎರಡನೇ ಸಾಲಿನಿಂದ ನಿಮ್ಮವು. ಒಂದೊಂದು ಸಾಲಿನ ರೂಪ ಹೀಗೆ:

<ಮಲ್ಟಿ_ಕೀ> <ಕಾಮಾ> <ಪೀರಿಯಡ್> : "ಽ" ಯು0ಸಿಬಿಡಿ

‘ಮಲ್ಟಿ_ಕೀ’ ಎಂದರೆ ಕಂಪೋಸ್ ಕೀ. ಅದರಲ್ಲಿ ಎಂ ಮಾತ್ರ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ಕಂಪೋಸ್, ಅಲ್ಪವಿರಾಮ, ಚುಕ್ಕೆ ಒತ್ತಿದರೆ ಽ ಬರಲಿ ಎಂದು ಈ ಸಾಲು ಹೇಳುತ್ತದೆ. ಕೊನೆಯಲ್ಲಿರುವುದು ಅಕ್ಷರದ ಸಂಖ್ಯೆ, ಅದರ ಮುಂದೆ ದೊಡ್ಡಕ್ಷರದ ಯು. ೞಗೆ 0ಸಿಡಿಇ, ಱಗೆ 0ಸಿಬಿ1, ॥ಗೆ 0965.

ಬಿಡಿಸುವ ಗುರುತನ್ನು ಹಾಕುವುದಾದರೆ ಉದ್ಧರಣ ಚಿಹ್ನೆಗಳ ನಡುವೆ ಕರ್ಸರ್ ಇಟ್ಟು, 1ನೇ ಹಂತದ ಉಪಾಯದಿಂದ 200ಸಿ ಕೊಡಿ. ಏನೂ ಬಂದಂತೆ ಕಾಣುವುದಿಲ್ಲ. ಬಂದಿರುತ್ತದೆ. ಕೊನೆಯಲ್ಲಿ ಸಂಖ್ಯೆ ಬರೆದಿಟ್ಟರೆ ಆರು ತಿಂಗಳ ನಂತರ ನಿಮಗೇ ಗೊತ್ತಾಗುತ್ತದೆ, ಅಲ್ಲಿ ಏನಿದೆ ಎಂದು.

ಫೈಲ್ ಉಳಿಸಿ, ಲಾಗ್‌ಔಟ್ ಮಾಡಿ, ಮತ್ತೆ ಒಳಗೆ ಬನ್ನಿ. ತೆರೆದಿರುವ ಆ್ಯಪ್‌ಗಳಿಗೆ ಹೊಸ ಪಟ್ಟಿ ಗೊತ್ತಾಗುವುದಿಲ್ಲ.

ಈ ಹಂತದಲ್ಲಿ ಎಡವುವವರು ತುಂಬ ಜನ, ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೀಗಳ ಹೆಸರು ನಾವು ಬಾಯಲ್ಲಿ ಹೇಳುವ ಹೆಸರಲ್ಲ. ಚುಕ್ಕೆಗೆ ‘ಡಾಟ್’ ಅಂತ ಬರೆದರೆ ನಡೆಯುವುದಿಲ್ಲ, ‘ಪೀರಿಯಡ್’ ಆಗಬೇಕು. ಚಿಕ್ಕ ಗೆರೆಗೆ ‘ಹೈಫನ್’ ಅಲ್ಲ, ‘ಮೈನಸ್’. ಸಮ ಚಿಹ್ನೆಗೆ ‘ಈಕ್ವಲ್ಸ್’ ಅಲ್ಲ, ‘ಈಕ್ವಲ್’.

ಚಿಕ್ಕ ಜೋಡಣೆ ದೊಡ್ಡದನ್ನು ನುಂಗುತ್ತದೆ. ನೀವು ಎರಡು ಮೈನಸ್‌ಗೆ ಏನಾದರೂ ಕೊಟ್ಟರೆ, ಮೂರು ಮೈನಸ್ ಹೊಡೆಯುವ ಮುಂಚೆಯೇ ಅದು ಮುಗಿದುಹೋಗುತ್ತದೆ. ಉದ್ದಗೆರೆಗಳೆರಡೂ ಹೋದವು.

ಮುಖ್ಯವಾದದ್ದು ಇದು: ಕಂಪೋಸ್ ನೋಡುವುದು ಕೀ ಇರುವ ಜಾಗವನ್ನಲ್ಲ, ಆ ಕೀಯಿಂದ ಹೊರಡುವ ಅಕ್ಷರವನ್ನು. ಪಟ್ಟಿಯಲ್ಲಿ ಇಂಗ್ಲಿಷಿನ ಎಕ್ಸ್ ಎಂದು ಬರೆದು, ಕನ್ನಡ ಲೇಔಟ್‌ನಲ್ಲಿ ಅದೇ ಕೀ ಒತ್ತಿದರೆ ಹೊರಡುವುದು ಕನ್ನಡ ಅಕ್ಷರ, ಹೊಂದಿಕೆ ಆಗುವುದೇ ಇಲ್ಲ. ಅದಕ್ಕೇ ಮೇಲೆ ಅಲ್ಪವಿರಾಮ, ಚುಕ್ಕೆ ಬಳಸಿದ್ದು. ಎರಡೂ ಲೇಔಟ್‌ಗಳಲ್ಲಿ ಅವು ಒಂದೇ. ಇನ್ನು ನಿಮ್ಮದು ಎಂ17ಎನ್ ದಾರಿಯಾದರೆ ಕಂಪೋಸ್ ಒತ್ತುವ ಮುಂಚೆ ಇಂಗ್ಲಿಷ್‌ಗೆ ಹೋಗಿ. ನಡುವಿನ ತಂತ್ರಾಂಶ ಕೀಗಳನ್ನು ತಾನೇ ಹಿಡಿದುಕೊಂಡು ಕೂತಿರುತ್ತದೆ. ಇದು ಕಿರಿಕಿರಿ ಅನ್ನಿಸಿದರೆ ಲೇಔಟ್ ರೂಪದ ಕಗಪಕ್ಕೆ ಬದಲಾಗಿ. ನಾನು ಹಾಗೇ ಮಾಡಿದ್ದೇನೆ.

6. ಇಷ್ಟಾದರೂ ಸಾಲದಿದ್ದರೆ: ನಿಮ್ಮದೇ ಲೇಔಟ್

ದಿನವಿಡೀ ಉದ್ದಗೆರೆ ಹಾಕುವ ಸಂಪಾದಕರಿಗೆ ಮೂರು ಕೀ ಒತ್ತುವುದೂ ಜಾಸ್ತಿಯೇ. ಅವರಿಗಾಗಿ ಇದು.

ಮನೆ ಫೋಲ್ಡರ್‌ನ ‘.ಕಾನ್ಫಿಗ್’ ಒಳಗೆ ‘ಎಕ್ಸ್‌ಕೆಬಿ’, ಅದರೊಳಗೆ ‘ಸಿಂಬಲ್ಸ್’ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ‘ಕಸ್ಟಮ್’ ಎಂಬ ಫೈಲ್ ಇಡಿ. ಹೆಸರುಗಳೆಲ್ಲ ಚಿಕ್ಕಕ್ಷರ. ಈಚಿನ ವಿತರಣೆಗಳ ಲೇಔಟ್ ಪಟ್ಟಿಯಲ್ಲಿ ‘ಯೂಸರ್-ಡಿಫೈನ್ಡ್ ಕಸ್ಟಮ್ ಲೇಔಟ್’ ಅಂತ ಒಂದು ಇರುತ್ತದೆ. ವೇಲ್ಯಾಂಡ್‌ನಲ್ಲಿ ಅದನ್ನು ಆರಿಸಿದರೆ ಈ ಫೈಲನ್ನು ಓದುತ್ತದೆ.

ಫೈಲ್ ಬರೆಯುವ ಕ್ರಮ ತಿಳಿಯಲು ‘ಯುಎಸ್ಆರ್, ಶೇರ್, ಎಕ್ಸ್11, ಎಕ್ಸ್‌ಕೆಬಿ, ಸಿಂಬಲ್ಸ್’ ದಾರಿಯಲ್ಲಿರುವ ‘ಇನ್’ ಎಂಬ ಫೈಲ್ ತೆರೆದು ನೋಡಿ. ಭಾರತದ ಲೇಔಟ್‌ಗಳೆಲ್ಲ ಅದರಲ್ಲಿವೆ. ರುಪೀ ಲೇಔಟ್‌ನ ತುಂಡು ನಾಲ್ಕಾರು ಸಾಲಿನದು, ನಕಲು ಮಾಡಿಕೊಂಡು ತಿದ್ದಲು ಅದೇ ಒಳ್ಳೆಯದು. ಅದರೊಳಗೆ ಕೀಗಳಿಗೆ ವಿಚಿತ್ರ ಹೆಸರುಗಳಿರುತ್ತವೆ. ಅಕ್ಷರ, ಅಂಕಿಗಳ ಕೀಗಳಿಗೆ ಮೊದಲಕ್ಷರ ಎ. ಎರಡನೆಯದು ಸಾಲು: ಅಂಕಿಗಳ ಸಾಲು ಇ, ಅದರ ಕೆಳಗಿನದು ಡಿ, ನಡುವಿನದು ಸಿ, ಕೊನೆಯದು ಬಿ. ಆಮೇಲಿನದು ಎಡದಿಂದ ಎಷ್ಟನೆಯ ಕೀ ಎಂಬುದು. ಅಂಕಿಗಳ ಸಾಲನ್ನು 1ರ ಕೀಯಿಂದ ಎಣಿಸಿದರೆ 4ರ ಕೀ ಎಇ04, ಮೈನಸ್ ಕೀ ಎಇ11. ಚೌಕ ಆವರಣದೊಳಗೆ ನಾಲ್ಕು ಮಟ್ಟಗಳನ್ನು ಸಾಲಾಗಿ ಬರೆಯಬೇಕು. ಎಇ11ಕ್ಕೆ ಮೈನಸ್, ಅಂಡರ್‌ಸ್ಕೋರ್, ಎನ್‌ಡ್ಯಾಶ್, ಎಮ್‌ಡ್ಯಾಶ್ ಎಂದು ಕೊಟ್ಟರೆ ಬಲ ಆಲ್ಟ್ ಜೊತೆ ಮೈನಸ್ ಒತ್ತಿದಾಗ – ಬರುತ್ತದೆ, ಶಿಫ್ಟನ್ನೂ ಸೇರಿಸಿದರೆ —.

ಮೂಲದ ‘ಇನ್’ ಫೈಲನ್ನೇ ತಿದ್ದಬೇಡಿ. ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಮತ್ತೆ, ಹೊಸ ಲೇಔಟ್ ಸೇರಿಸಿದೆ ಎಂದು ಹಳೆಯದನ್ನು ಪಟ್ಟಿಯಿಂದ ತೆಗೆಯಬೇಡಿ. ಫೈಲಿನಲ್ಲಿ ಒಂದು ಅರ್ಧವಿರಾಮ ತಪ್ಪಿದರೂ ಲೇಔಟ್ ಏಳುವುದಿಲ್ಲ. ಆಗ ತಿದ್ದಲು ಕೆಲಸ ಮಾಡುವ ಇನ್ನೊಂದು ಲೇಔಟ್ ಕೈಯಲ್ಲಿರಬೇಕು.

7. ಅಕ್ಷರದ ಬದಲು ಡಬ್ಬಿ ಬಂದರೆ

೦ಯಿಂದ ೯ರವರೆಗೆ ಸರಿಯಾಗಿ ಬಂದು ೞ ಮಾತ್ರ ಖಾಲಿ ಚೌಕವಾಗಿ ಕಂಡರೆ ಕೀಬೋರ್ಡನ್ನು ಬೈಯಬೇಡಿ. ಅಕ್ಷರ ಸರಿಯಾಗಿಯೇ ಹೋಗಿದೆ, ಅದನ್ನು ಬಿಡಿಸಲು ಫಾಂಟ್‌ಗೆ ಬರುತ್ತಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಳ್ಳಿ. ಡೆಬಿಯನ್, ಉಬುಂಟು ಬಳಸುವವರಿಗೆ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟ್‌ಗಳೂ ಪ್ಯಾಕೇಜಾಗಿ ಸಿಗುತ್ತವೆ. ಫಾಂಟ್ ಹಾಕಿದ ಮೇಲೆ ಆ್ಯಪ್ ಮುಚ್ಚಿ ತೆರೆಯಿರಿ, ಹಳೆಯ ಬರಹದಲ್ಲಿದ್ದ ಡಬ್ಬಿಗಳೂ ಅಕ್ಷರವಾಗಿರುತ್ತವೆ.